ಗೊಬ್ಬರದ ಗುಂಡಿಯಲ್ಲಿ ಸಿಕ್ಕ ಮೊಟ್ಟೆ: ಕೇರೆಯದ್ದೋ, ನಾಗರದ್ದೋ?

ಪ್ರಶ್ನೆ: ತೋಟದ ಗೊಬ್ಬರದ ಗುಂಡಿ ಕೆದಕುವಾಗ ಒಂದು ಮೂಲೆಯಲ್ಲಿ ಬಿಳಿ ಬಣ್ಣದ, ಮೆತ್ತಗಿನ ಹನ್ನೊಂದು ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಿನಂತೆ ಸಿಕ್ಕವು. ಸುಮಾರು ಎರಡು ತಿಂಗಳ ಹಿಂದೆ ಅದೇ ಜಾಗದ ಹತ್ತಿರ ಎರಡು ಉದ್ದನೆಯ ಹಾವುಗಳು ಹಗ್ಗದಂತೆ ಹೆಣೆದುಕೊಂಡು ಎದ್ದು ನಿಂತಿದ್ದನ್ನು ಮನೆಯವರೆಲ್ಲ ನೋಡಿದ್ದೆವು. ನಾಗರವೂ ಕೇರೆಯೂ ಕೂಡಿದ್ದು, ಈ ಮೊಟ್ಟೆ ಅವುಗಳದ್ದೇ, ಒಡೆದು ಹಾಕಿ ಎನ್ನುತ್ತಾರೆ ಹಿರಿಯರು. ಸದ್ಯಕ್ಕೆ ಗೊಬ್ಬರ ಮುಚ್ಚಿ ಬಿಟ್ಟಿದ್ದೇವೆ. ಇವು ಯಾವ ಹಾವಿನ ಮೊಟ್ಟೆ? ಏನು ಮಾಡಬೇಕು? ಕೇರೆಯ ಬಾಲದಲ್ಲಿ ವಿಷ ಇರುವುದು ನಿಜವೇ?

ಉತ್ತರ: ಮುಚ್ಚಿ ಬಿಟ್ಟಿದ್ದೀರಲ್ಲ, ಅರ್ಧ ಕೆಲಸ ಅಲ್ಲಿಗೇ ಆಯಿತು. ಮೊಟ್ಟೆ ಕೇರೆಯದ್ದೇ ಆಗಿರುವ ಸಾಧ್ಯತೆ ಹೆಚ್ಚು. ಆದರೆ ಬರೀ ಮೊಟ್ಟೆ ನೋಡಿ ಇಂಥದೇ ಹಾವಿನದು ಎಂದು ಆಣೆಯಿಟ್ಟು ಹೇಳಲು ಬರುವುದಿಲ್ಲ. ಬಣ್ಣ, ಆಕಾರ, ಗಾತ್ರ ಎಲ್ಲವೂ ಹಲವು ಹಾವುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ. ಸುತ್ತಲಿನ ಸುಳಿವುಗಳನ್ನು ಕೂಡಿಸಿ ಲೆಕ್ಕ ಹಾಕಬೇಕು.

ಯಾವುದರದ್ದು ಅಲ್ಲ ಎಂಬುದನ್ನು ಮೊದಲು ತೆಗೆದುಹಾಕೋಣ. ಕೊಳಕುಮಂಡಲ ಮೊಟ್ಟೆಯಿಡುವ ಹಾವೇ ಅಲ್ಲ, ನೇರವಾಗಿ ಮರಿ ಹಾಕುತ್ತದೆ. ಮನೆ ಹಲ್ಲಿಯ ಮೊಟ್ಟೆಗೆ ಗಟ್ಟಿ ಚಿಪ್ಪು, ಗಾತ್ರ ಬಟಾಣಿಯಷ್ಟು, ಇರುವುದು ಸಾಮಾನ್ಯವಾಗಿ ಎರಡೆರಡು. ಓತಿಕ್ಯಾತದ್ದು ಮೆತ್ತಗಿದ್ದರೂ ಬೆರಳ ತುದಿಯಷ್ಟೇ. ನೀರೊಳ್ಳೆ ಹಾವು ಒಂದು ಸಲಕ್ಕೆ ಇಪ್ಪತ್ತು ಮೂವತ್ತಕ್ಕೆ ಕಡಿಮೆಯಿಲ್ಲದಂತೆ ಇಡುವುದೇ ಹೆಚ್ಚು. ಉಳಿದವುಗಳಲ್ಲಿ ಮುಖ್ಯವಾದವು ಕೇರೆ ಮತ್ತು ನಾಗರ. ಕೇರೆ 5ರಿಂದ 18ರವರೆಗೆ ಇಡುತ್ತದೆ, ನಾಗರ 12ರಿಂದ 30ರವರೆಗೆ. ನಿಮ್ಮ ಹನ್ನೊಂದು ಕೇರೆಯ ಲೆಕ್ಕಕ್ಕೆ ಕೂರುತ್ತದೆ. ಅದಕ್ಕಿಂತ ಗಟ್ಟಿ ಸುಳಿವು ಇನ್ನೊಂದಿದೆ: ಹೆಣ್ಣು ನಾಗರ ಮೊಟ್ಟೆಯ ಹತ್ತಿರವೇ ಕಾವಲಿರುತ್ತದೆ. ನೀವು ಕೆದಕಿದಾಗ ಯಾವ ಹಾವೂ ಎದುರಾದಂತೆ ಬರೆದಿಲ್ಲ. ಹಾಗೆಂದು ಪೂರ್ತಿ ನಂಬಿ ಕೂರುವುದೂ ಬೇಡ. ನಾಗರ ಇಲಿಬಿಲದೊಳಗೆ ಸರಿದುಕೊಂಡಿರಬಹುದು. ಖಾತ್ರಿಯಾಗುವವರೆಗೆ ಆ ಮೂಲೆಗೆ ಬರಿಗೈ ಹಾಕಬೇಡಿ, ಬರಿಗಾಲಲ್ಲಿ ಹೋಗಬೇಡಿ, ರಾತ್ರಿಯಾದರೆ ಟಾರ್ಚ್ ಇರಲಿ.

ಖಾತ್ರಿ ಮಾಡಿಕೊಳ್ಳಲು ಒಳ್ಳೆಯ ದಾರಿ ಎಂದರೆ ಪೊರೆ. ಗುಂಡಿಯ ಸುತ್ತ, ಕಲ್ಲುಕಟ್ಟೆಯ ಸಂದಿಯಲ್ಲಿ, ಸೌದೆ ರಾಶಿಯ ಬುಡದಲ್ಲಿ ಹಾವು ಬಿಟ್ಟ ಪೊರೆ ಸಿಗುತ್ತದೆಯೇ ಉದ್ದನೆಯ ಕೋಲಿನಿಂದ ಕೆದಕಿ ನೋಡಿ. ಸಿಕ್ಕರೆ ಉದ್ದ ಅಳೆದು ಗಾಬರಿಯಾಗಬೇಡಿ. ಕಳಚುವಾಗ ಪೊರೆ ಹಿಗ್ಗುತ್ತದೆ, ಹಾವಿಗಿಂತ ಉದ್ದವಾಗಿಯೇ ಇರುತ್ತದೆ. ಒಣಗಿ ಗರಿಗರಿಯಾಗಿದ್ದರೆ ನೀರು ಚಿಮುಕಿಸಿ ಐದು ನಿಮಿಷ ಬಿಡಿ, ಆಮೇಲೆ ಹರಡಿ. ಹೊಟ್ಟೆಯ ಕಡೆ ಅಡ್ಡಡ್ಡ ಅಗಲ ಪಟ್ಟಿಗಳು ಕಾಣುತ್ತವೆ. ದೇಹದ ನಟ್ಟನಡುವೆ, ಒಂದು ಪಟ್ಟಿಯ ಅಂಚಿನಿಂದ ಶುರು ಮಾಡಿ ಬೆನ್ನಿನ ಮೇಲೆ ಓರೆಯಾಗಿ ಹತ್ತಿ ಇನ್ನೊಂದು ಅಂಚಿಗೆ ಇಳಿಯುವವರೆಗೆ ಹುರುಪೆಗಳನ್ನು ಎಣಿಸಿ. ಕೇರೆಗೆ 17, ಕೆಲವೊಮ್ಮೆ 16. ನಾಗರಕ್ಕೆ 21ರಿಂದ 25. ಬಾಲದ ಕಡೆಗೆ, ಗುದದ್ವಾರಕ್ಕೆ ಸ್ವಲ್ಪ ಮುಂಚೆ ಎಣಿಸಿದರೆ ಕೇರೆಯಲ್ಲಿ ಅದು 14ಕ್ಕೆ ಇಳಿದಿರುತ್ತದೆ. ಜನ ತಪ್ಪುವುದು ಕತ್ತಿನ ಹತ್ತಿರ ಎಣಿಸಿ. ನಾಗರದ ಹೆಡೆಯ ಭಾಗದಲ್ಲಿ ಸಾಲುಗಳು ಇನ್ನೂ ಹೆಚ್ಚಿರುತ್ತವೆ, ಲೆಕ್ಕ ಕೆಡುತ್ತದೆ. ಎಣಿಸುವ ತಾಳ್ಮೆ ಇಲ್ಲದಿದ್ದರೆ ಗುದದ್ವಾರವನ್ನು ಮುಚ್ಚುವ ಹುರುಪೆಯೊಂದನ್ನೇ ನೋಡಿ. ಕೇರೆಯಲ್ಲಿ ಅದು ನಡುವೆ ಸೀಳಿ ಎರಡಾಗಿರುತ್ತದೆ, ನಾಗರದಲ್ಲಿ ಅಖಂಡ. ತಲೆಯ ಭಾಗ ಹರಿಯದೆ ಉಳಿದಿದ್ದರೆ ಮತ್ತೂ ಸುಲಭ: ಮೂಗಿಗೂ ಕಣ್ಣಿಗೂ ನಡುವೆ ಕೇರೆಗೆ ಸಾಮಾನ್ಯವಾಗಿ ಮೂರು ಪುಟ್ಟ ಹುರುಪೆಗಳಿರುತ್ತವೆ, ನಾಗರದಲ್ಲಿ ಆ ಜಾಗದ ಹುರುಪೆಯೇ ಇಲ್ಲ.

ಜೀವಂತ ಹಾವೇ ಕಂಡರೆ ಹೆಡೆಗಾಗಿ ಕಾಯಬೇಡಿ. ಓಡುವ ನಾಗರ ಹೆಡೆ ಎತ್ತುವುದಿಲ್ಲ, ಆಗ ಅದು ಕೇರೆಯಂತೆಯೇ ಕಾಣುತ್ತದೆ, ಅನಾಹುತಗಳು ಆಗುವುದು ಅಲ್ಲೇ. ಕೇರೆಯ ಕಣ್ಣು ದೊಡ್ಡದು, ಪಾಪೆ ಗುಂಡಗೆ, ಕತ್ತು ತಲೆಗಿಂತ ಸಣ್ಣ. ತುಟಿಯ ಹುರುಪೆಗಳ ಅಂಚಿಗೆ ಮಸಿಯಲ್ಲಿ ಗೀರು ಎಳೆದಂತೆ ಕಪ್ಪು ಗೆರೆಗಳು. ಮೈಬಣ್ಣವನ್ನು ನಂಬಲೇಬಾರದು: ಹಳದಿ, ಆಲಿವ್, ಕಂದು, ಬೂದು, ಸುಮಾರಾಗಿ ಕಪ್ಪು, ಎಲ್ಲ ಬಣ್ಣದ ಕೇರೆಗಳೂ ಉಂಟು. ಬಣ್ಣ ಯಾವುದೇ ಇರಲಿ, ಹಿಂಭಾಗ ಮತ್ತು ಬಾಲದ ಮೇಲೆ ಕಪ್ಪು ಬಲೆಯಂಥ ಅಡ್ಡಗೆರೆಗಳಿರುತ್ತವೆ. ಬಾಲವೂ ಉದ್ದ, ಒಟ್ಟು ಉದ್ದದ ಕಾಲು ಭಾಗಕ್ಕಿಂತ ಕಡಿಮೆಯಿಲ್ಲ. ಬೆಳೆದ ಕೇರೆ ಒಂದೂವರೆಯಿಂದ ಎರಡು ಮೀಟರ್. ಎರಡೂವರೆ ಮೀರಿದ್ದು ಅಪರೂಪ, ಇಲ್ಲವೆಂದಲ್ಲ.

ಇನ್ನು ಆ ಹೆಣಿಗೆಯ ವಿಷಯ. ನೀವು ನೋಡಿದ್ದು ಕೂಟವಲ್ಲ, ಕುಸ್ತಿ. ಎರಡೂ ಗಂಡು, ಎರಡೂ ಒಂದೇ ಜಾತಿ. ಹೆಣ್ಣು ಇರುವ ಜಾಗದಲ್ಲಿ ಎರಡು ಗಂಡು ಕೇರೆ ಸಂಧಿಸಿದರೆ ಮೈಗೆ ಮೈ ಹೊಸೆದುಕೊಂಡು, ಮುಂಭಾಗ ಮೇಲೆತ್ತಿ, ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಲು ನೋಡುತ್ತವೆ. ಕಚ್ಚಾಟ ಇರುವುದಿಲ್ಲ, ಬರೀ ತೋಳ್ಬಲ, ಹಾವಿಗೆ ತೋಳಿದ್ದಿದ್ದರೆ ಹಾಗೆನ್ನಬಹುದಿತ್ತು. ಸೋತದ್ದು ಬಿಡಿಸಿಕೊಂಡು ಓಡುತ್ತದೆ. ನಿಜವಾದ ಕೂಟ ನೋಡಲು ಇಷ್ಟು ಚಂದವಿಲ್ಲ: ಹೆಣ್ಣು ನೆಲಕ್ಕೆ ಅಂಟಿ ಮಲಗಿರುತ್ತದೆ, ಗಂಡು ಅದರ ಬೆನ್ನುದ್ದಕ್ಕೂ ಹಾಸಿಕೊಂಡು ಬಾಲದ ಬುಡ ಮಾತ್ರ ಸುತ್ತಿಕೊಂಡಿರುತ್ತದೆ, ತಲೆ ಎತ್ತಿ ನಿಲ್ಲುವ ಆಟವಿಲ್ಲ. ಒಂದು ಹಳದಿ ಕೇರೆ, ಒಂದು ಕಪ್ಪು ಕೇರೆ ಸೆಣಸಿದರೆ ನೋಡಿದವರಿಗೆ ಎರಡು ಬೇರೆ ಹಾವು ಅನ್ನಿಸುವುದು ಸಹಜ. ಕೇರೆಯೇ ಗಂಡು, ನಾಗರವೇ ಹೆಣ್ಣು ಎಂಬ ನಂಬಿಕೆ ಹುಟ್ಟಿದ್ದಕ್ಕೆ ಇದೂ ಕಾರಣವಿರಬಹುದು. ಕೇರೆಯಲ್ಲಿ ಗಂಡೂ ಇದೆ ಹೆಣ್ಣೂ ಇದೆ, ನಾಗರದಲ್ಲೂ ಹಾಗೆಯೇ. ಎರಡರ ಕುಟುಂಬವೇ ಬೇರೆ, ಅವು ಬೆರೆತು ಮರಿಯಾಗುವ ಮಾತಿಲ್ಲ. ಗಂಡು ಹಾವಿನ ಜನನಾಂಗಗಳು ಎರಡು, ಬಾಲದ ಬುಡದೊಳಗೆ ಅಡಗಿರುತ್ತವೆ. ಅದರಿಂದಾಗಿ ಗಂಡಿನ ಬಾಲ ಬುಡದಲ್ಲಿ ದಪ್ಪವಾಗಿ ನಿಧಾನಕ್ಕೆ ಸಣ್ಣಗಾಗುತ್ತದೆ, ಹೆಣ್ಣಿನದು ಥಟ್ಟನೆ ಸಣ್ಣಗಾಗುತ್ತದೆ.

ಕುಸ್ತಿ ನಡೆದಿದೆ ಎಂದರೆ ಹತ್ತಿರದಲ್ಲೇ ಹೆಣ್ಣು ಕೇರೆ ಇತ್ತು ಎಂದೇ ಲೆಕ್ಕ. ಎರಡು ತಿಂಗಳ ಮೇಲೆ ಮೊಟ್ಟೆ ಸಿಕ್ಕಿದೆ. ಸುಳಿವುಗಳೆಲ್ಲ ಒಂದೇ ಕಡೆ ಬೆರಳು ಮಾಡುತ್ತಿವೆ.

ಕೇರೆ ಮೊಟ್ಟೆಯಿಡುವುದು ಮಾರ್ಚಿನಿಂದ ಸೆಪ್ಟೆಂಬರಿನೊಳಗೆ. ಮರಿಯಾಗಲು ಸುಮಾರು 60 ದಿನ ಬೇಕು, ಕಾವು ಹೆಚ್ಚಿದ್ದರೆ ಸ್ವಲ್ಪ ಬೇಗ, ತಂಪಿದ್ದರೆ ತಡ. ನಿಮಗೆ ಇಟ್ಟ ದಿನ ಗೊತ್ತಿಲ್ಲವಾದ್ದರಿಂದ ಇಂದಿನಿಂದಲೇ ಎರಡು ತಿಂಗಳು ಎಂದಿಟ್ಟುಕೊಳ್ಳಿ. ಮೊಟ್ಟೆ ಅಚ್ಚ ಬಿಳಿಯಾಗಿ ಬಿಗಿಯಾಗಿದ್ದರೆ ಹೊಸದು. ಮಣ್ಣಿನ ಕಲೆ ಹತ್ತಿ, ಊದಿಕೊಂಡಂತೆ ಇದ್ದರೆ ದಿನಗಳಾಗಿವೆ. ಹಾವಿನ ಮೊಟ್ಟೆಯ ಹೊದಿಕೆ ತೆಳು ತೊಗಲಿನ ಹಾಗೆ. ಸುತ್ತಲಿನ ತೇವ ಹೀರಿಕೊಂಡು ಮೊಟ್ಟೆ ದಿನೇ ದಿನೇ ತೂಕ ಏರುತ್ತದೆ. ಕೋಳಿಮೊಟ್ಟೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅದೇ. ತೇವ ಸಾಲದಿದ್ದರೆ ಮೊಟ್ಟೆ ಗಾಳಿ ಹೋದ ಚೆಂಡಿನಂತೆ ತಗ್ಗುತ್ತದೆ. ನೀರು ನಿಂತರೆ ಹೊದಿಕೆಯ ಮೂಲಕ ಉಸಿರಾಟ ನಿಂತು ಮರಿ ಒಳಗೇ ಸಾಯುತ್ತದೆ, ಬೂಷ್ಟು ಹಿಡಿಯುತ್ತದೆ. ಗೊಂಚಲಿನಲ್ಲಿ ಒಂದೆರಡು ಹಳದಿಯಾಗಿ, ಸಣ್ಣಗೆ, ಗಟ್ಟಿಯಾಗಿ ಇದ್ದರೆ ಅವು ಫಲಿಸದ ಜಳ್ಳು. ಕಿತ್ತು ತೆಗೆಯಲು ಹೋಗಬೇಡಿ, ಪಕ್ಕದ ಮೊಟ್ಟೆಯ ಹೊದಿಕೆ ಹರಿಯುತ್ತದೆ.

ಕೇರೆ ಗೊಬ್ಬರದ ಗುಂಡಿಯನ್ನು ಆರಿಸುವುದು ಸುಮ್ಮನೆ ಅಲ್ಲ. ಕೊಳೆಯುವ ಗೊಬ್ಬರ ಬೆಚ್ಚಗಿರುತ್ತದೆ, ತೇವ ಹಿಡಿದಿಡುತ್ತದೆ. ಮೊಟ್ಟೆಗೆ ಬೇಕಾದದ್ದು 27ರಿಂದ 30 ಡಿಗ್ರಿ. ಹಸಿ ಸಗಣಿ ರಾಶಿಯ ನಡುಭಾಗ ಇದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗುತ್ತದೆ, ಅಲ್ಲಿ ಮೊಟ್ಟೆ ಬೆಂದುಹೋಗುತ್ತದೆ. ನಿಮಗೆ ಮೂಲೆಯಲ್ಲಿ ಸಿಕ್ಕಿದ್ದು ಇದಕ್ಕೇ. ಹಾಗಾಗಿ ಆ ಮೂಲೆಗೆ ಹೊಸ ಸಗಣಿ ಸುರಿಯಬೇಡಿ. ಸ್ಲರಿ, ಬೂದಿ, ಸುಣ್ಣ, ಯೂರಿಯಾ ಯಾವುದೂ ಬೇಡ. ಇರುವೆ ಬಂತೆಂದು ಪುಡಿ ಔಷಧಿ ಉದುರಿಸಬೇಡಿ. ಮೇಲೆ ಅದೇ ಹಳೆಯ ಗೊಬ್ಬರ ಒಂದು ಗೇಣಿನಷ್ಟು ಸಡಿಲವಾಗಿ ಇದ್ದರೆ ಸಾಕು, ತುಳಿದು ಬಿಗಿ ಮಾಡಬಾರದು. ಹಿಡಿ ಗೊಬ್ಬರ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ತೇವದ ಅಳತೆ ಅಷ್ಟೇ. ಮಳೆ ಜೋರಾದರೆ ಓರೆಯಾಗಿ ಸೋಗೆ ಅಥವಾ ಹುಲ್ಲು ಹೊದಿಸಿ, ಪ್ಲಾಸ್ಟಿಕ್ ಬಿಗಿದು ಮುಚ್ಚಬೇಡಿ. ಗೊಬ್ಬರ ಬೇಕೇ ಬೇಕೆಂದರೆ ಎದುರು ತುದಿಯಿಂದ ತೆಗೆಯಿರಿ, ಮೊಟ್ಟೆಯ ಸುತ್ತ ಒಂದು ಮೀಟರ್ ಬಿಡಿ. ನಾಯಿ, ಮುಂಗುಸಿ, ಉಡ ಮೂರಕ್ಕೂ ಇದು ಹಬ್ಬದೂಟ. ನಾಲ್ಕು ಗೂಟ ಹೊಡೆದು ಮುಳ್ಳಿನ ಕೊಂಬೆ ಅಡ್ಡವಿಡಬಹುದು, ಬಲೆ ಮಾತ್ರ ಕಟ್ಟಬೇಡಿ, ಕಾರಣ ಮುಂದೆ ಹೇಳುತ್ತೇನೆ.

ಕೆದಕುವಾಗ ಮೊಟ್ಟೆ ಉರುಳಿತೇ ಎಂಬ ಆತಂಕ ಇದ್ದೀತು. ಇಟ್ಟು ಒಂದೆರಡು ದಿನವಾದ ಮೇಲೆ ಭ್ರೂಣ ಮೊಟ್ಟೆಯ ಮೇಲ್ಭಾಗಕ್ಕೆ ಹತ್ತಿಕೊಂಡಿರುತ್ತದೆ. ತಲೆಕೆಳಗಾಗಿ ಹಾಗೇ ಉಳಿದರೆ ಬದುಕುವ ಸಾಧ್ಯತೆ ಕುಗ್ಗುತ್ತದೆ. ಗೊಂಚಲು ಬಿಡದೆ ಅಂಟಿಕೊಂಡಿದೆ ಎಂದಿದ್ದೀರಿ. ಹಾಗಾದರೆ ಬಿಡಿಬಿಡಿಯಾಗಿ ಉರುಳಿಲ್ಲ. ಅಂದಾಜಿನ ಮೇಲೆ ಈಗ ಮತ್ತೆ ತಿರುಗಿಸುವುದು ಬೇಡ.

ಬೇರೆಡೆಗೆ ಸಾಗಿಸುವುದು ಕೊನೆಯ ದಾರಿ, ಅದೂ ನಿಮ್ಮಷ್ಟಕ್ಕೆ ಮಾಡುವ ಕೆಲಸವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೇರೆಗೂ ಅನ್ವಯಿಸುತ್ತದೆ, ಮತ್ತು ಆ ಕಾಯ್ದೆಯ ಪ್ರಕಾರ ಸರೀಸೃಪಗಳ ಮೊಟ್ಟೆ ಹಾಳುಮಾಡುವುದು, ಗೂಡು ಕದಡುವುದು ಕೂಡ ‘ಬೇಟೆ’ಯೇ. ಒಡೆದು ಹಾಕಿ ಎನ್ನುವ ಹಿರಿಯರಿಗೆ ಇದನ್ನು ತಿಳಿಸಿ. ಗುಂಡಿಗೆ ನೀರು ನುಗ್ಗುತ್ತಿದೆ, ಗೋಡೆ ಕುಸಿದಿದೆ ಎಂಬಂಥ ಸಂದರ್ಭ ಬಂದರೆ ಅರಣ್ಯ ಇಲಾಖೆಗೆ ಹೇಳಿ. ಅವರು ಅಥವಾ ಅವರು ಕಳುಹಿಸಿದ ಹಾವು ರಕ್ಷಕರು ಸಾಗಿಸುವಾಗ ಗಮನಿಸಬೇಕಾದದ್ದು ಇಷ್ಟು: ಮೊಟ್ಟೆಯ ಮೇಲ್ಭಾಗಕ್ಕೆ ಮೆತ್ತಗೆ ಪೆನ್ಸಿಲ್ ಗುರುತು (ಮಾರ್ಕರ್ ಪೆನ್ನಿನ ಶಾಯಿ ಒಳಗಿಳಿಯುತ್ತದೆ); ಗೊಂಚಲನ್ನು ಬಿಡಿಸದೆ ಇದ್ದ ಭಂಗಿಯಲ್ಲೇ ಎತ್ತುವುದು; ಹಿಂಡಿ ನೀರು ತೆಗೆದ ತೆಂಗಿನ ನಾರಿನ ಪುಡಿ ಅಥವಾ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜ) ತುಂಬಿದ ಡಬ್ಬದಲ್ಲಿ ಅರ್ಧ ಹುಗಿಯುವುದು; ಮುಚ್ಚಳಕ್ಕೆ ನಾಲ್ಕಾರು ಸಣ್ಣ ತೂತು; ವಾರಕ್ಕೊಮ್ಮೆ ತೆರೆದು ನೋಡುವುದು. ತಗ್ಗು ಬಿದ್ದರೆ ಸುತ್ತಲ ಪುಡಿಗೆ ನೀರು ಚಿಮುಕಿಸಬೇಕು, ಮೊಟ್ಟೆಯ ಮೇಲಲ್ಲ.

ಮರಿ ಹೊರಬರುವ ಮುಂಚಿನ ಕೆಲವು ದಿನ ಮೊಟ್ಟೆ ಬಿಗಿ ಕಳೆದುಕೊಂಡು ಕುಗ್ಗಬಹುದು. ಹಾಳಾಯಿತೆಂದು ಎಸೆಯುವುದು ಇದೇ ಹೊತ್ತಿನಲ್ಲಿ. ಮರಿಯ ಮೂತಿಯ ತುದಿಯಲ್ಲಿ ಒಂದು ಪುಟ್ಟ ಹಲ್ಲಿರುತ್ತದೆ, ಅದರಿಂದ ಹೊದಿಕೆಯನ್ನು ಬ್ಲೇಡಿನಲ್ಲಿ ಗೀರಿದಂತೆ ಸೀಳುತ್ತದೆ. ಸೀಳಿದ ಕೂಡಲೇ ಹೊರಗೆ ಬರುವುದಿಲ್ಲ. ತಲೆ ಮಾತ್ರ ಹೊರಗಿಟ್ಟು, ಯಾರಾದರೂ ಹತ್ತಿರ ಬಂದರೆ ಒಳಗೆಳೆದುಕೊಂಡು, ಹಲವು ಗಂಟೆ, ಕೆಲವೊಮ್ಮೆ ಇಡೀ ದಿನ ಹಾಗೇ ಕೂರುತ್ತದೆ. ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವ ಸಮಯ ಅದು. ಕನಿಕರಪಟ್ಟು ಎಳೆದು ತೆಗೆದರೆ ಸಾಯುತ್ತದೆ. ಹೊರಬಂದ ಮರಿ 32ರಿಂದ 47 ಸೆಂಟಿಮೀಟರ್, ಹೆಚ್ಚುಕಡಿಮೆ ಪೆನ್ಸಿಲ್ ದಪ್ಪ. ಸಾಕುವವರಿಲ್ಲ, ಕಲಿಸುವವರಿಲ್ಲ; ಮೊದಲ ಪೊರೆ ಬಿಟ್ಟ ಮೇಲೆ ಪುಟ್ಟ ಕಪ್ಪೆ, ಹಲ್ಲಿ ಹುಡುಕಿಕೊಂಡು ತನ್ನ ದಾರಿ ಹಿಡಿಯುತ್ತದೆ.

ಮರಿಗಳ ಮೈಮೇಲೆ, ಅದರಲ್ಲೂ ಮುಂದಿನ ಅರ್ಧದಲ್ಲಿ, ತಿಳಿ ಬಣ್ಣದ ಅಡ್ಡಪಟ್ಟೆಗಳಿರುತ್ತವೆ. ಕಟ್ಟುಹಾವು ಎಂದು ಬಡಿದು ಸಾಯಿಸುವುದು ಈ ಪಟ್ಟೆ ನೋಡಿಯೇ. ಕಟ್ಟುಹಾವಿನ ಪಟ್ಟೆ ಹೊಳೆಯುವ ಕಪ್ಪಿನ ಮೇಲೆ ಬಿಳಿ, ಹೆಚ್ಚಾಗಿ ಜೋಡಿ ಜೋಡಿ. ಕತ್ತಿನ ಹತ್ತಿರ ಮಂಕಾಗಿ ಅಥವಾ ಇಲ್ಲದೆಯೇ ಇದ್ದು ಹಿಂದಕ್ಕೆ ಹೋದಂತೆ ಸ್ಪಷ್ಟವಾಗುತ್ತದೆ. ಕೇರೆ ಮರಿಯಲ್ಲಿ ಇದರ ಉಲ್ಟಾ. ಆದರೂ ಅನುಮಾನವಿದ್ದಾಗ ಮುಟ್ಟದೆ ದೂರ ನಿಲ್ಲುವುದೇ ಸರಿ, ಎರಡು ಮೂರು ದಿನದಲ್ಲಿ ಅವೇ ಚದುರಿಹೋಗುತ್ತವೆ.

ಬಾಲದ ವಿಷಕ್ಕೆ ಬರೋಣ. ಇಲ್ಲ. ಬಾಲದಲ್ಲಿ ಗ್ರಂಥಿಯೂ ಇಲ್ಲ, ಮುಳ್ಳೂ ಇಲ್ಲ. ಹೆದರಿದ ಕೇರೆ ಒಣ ಎಲೆಯ ಮೇಲೆ ಬಾಲ ಪಟಪಟ ಬಡಿಯುತ್ತದೆ, ಅಷ್ಟೇ. ಮೂಲೆಗೆ ಸಿಕ್ಕಿಹಾಕಿಕೊಂಡರೆ ಕತ್ತನ್ನು ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ ಮಾಡಿ ಎತ್ತರವಾಗಿಸುತ್ತದೆ. ನಾಗರ ಅಗಲವಾಗುತ್ತದೆ, ಕೇರೆ ಎತ್ತರವಾಗುತ್ತದೆ ಎಂದು ನೆನಪಿಟ್ಟರೆ ಸಾಕು. ಜೊತೆಗೆ ಬುಸ್ ಅನ್ನುವುದಕ್ಕಿಂತ ದಪ್ಪ ದನಿಯಲ್ಲಿ ಗುರ್ ಎನ್ನುತ್ತದೆ. ಶ್ವಾಸನಾಳಕ್ಕೆ ಹೊಂದಿಕೊಂಡ ಚೀಲಗಳು ಆ ದನಿಯನ್ನು ದಪ್ಪಗೊಳಿಸುತ್ತವೆ. ಇಂಥದೇ ಏರ್ಪಾಡು ಕಾಳಿಂಗದಲ್ಲೂ ಇದೆ. ಹಸುವಿನ ಕಾಲಿಗೆ ಬಾಲ ಸುತ್ತಿ ಹಾಲು ಕುಡಿಯುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ಹೀರಲು ಬೇಕಾದ ಮೆತ್ತನೆಯ ತುಟಿ, ಕೆನ್ನೆ ಹಾವಿಗಿಲ್ಲ. ಇರುವುದು ಒಳಮುಖ ಬಾಗಿದ ಸೂಜಿಹಲ್ಲು. ಹಸು ಅದನ್ನು ಕೆಚ್ಚಲಿಗೆ ಮುಟ್ಟಲು ಬಿಟ್ಟೀತೇ? ಕೊಟ್ಟಿಗೆಗೆ ಅದು ಬರುವುದು ಇಲಿ ಮತ್ತು ನೆಲಗಪ್ಪೆಗಾಗಿ.

ಹೆಸರಿನಲ್ಲೂ ಇಂಥದೇ ಅನ್ಯಾಯ. ಸ್ವೀಡನ್ನಿನ ಜೀವಿವಿಜ್ಞಾನಿ ಲಿನ್ನೇಯಸ್ 1758ರಲ್ಲಿ ವಿವರಿಸಿದ ಈ ಹಾವಿನ ಈಗಿನ ಶಾಸ್ತ್ರೀಯ ಹೆಸರು ಟ್ಯಾಸ್ ಮ್ಯೂಕೋಸಾ. ಮೊದಲ ಪದಕ್ಕೆ ಗ್ರೀಕಿನಲ್ಲಿ ಉಗುಳುವುದು ಎಂಬ ಅರ್ಥ, ಎರಡನೆಯದಕ್ಕೆ ಲ್ಯಾಟಿನ್ನಿನಲ್ಲಿ ಲೋಳೆ. ಇದು ಉಗುಳುವುದೂ ಇಲ್ಲ, ಮೈ ಲೋಳೆಯೂ ಅಲ್ಲ. ಕನ್ನಡದಲ್ಲಿ ‘ಕೆರೆ ಹಾವು’ ಎಂದು ಬರೆಯುವವರಿದ್ದಾರೆ. ಕೆರೆಗೂ ಇದಕ್ಕೂ ಸಂಬಂಧವಿಲ್ಲ, ಈಜಲು ಬರುತ್ತದೆ ಎನ್ನುವುದನ್ನು ಬಿಟ್ಟರೆ. ಮಲೆಯಾಳದ ‘ಚೇರ’, ತಮಿಳಿನ ‘ಸಾರೈ’ ಇದೇ ಪದದ ಬಳಗ.

ಊಟದ ಬಗ್ಗೆ ಒಂದು ಮಾತು, ಏಕೆಂದರೆ ‘ರೈತಮಿತ್ರ’ ಎಂಬ ಬಿರುದು ಕೊಟ್ಟು ಬಿಡುವುದು ಸುಲಭ. ಇಲಿ ತಿನ್ನುವುದು ನಿಜ, ಬಿಲದೊಳಗೇ ನುಗ್ಗಿ ಹಿಡಿಯಬಲ್ಲದು. ಜೊತೆಗೆ ಕಪ್ಪೆ, ಓತಿಕ್ಯಾತ, ಹಕ್ಕಿ, ಹಕ್ಕಿಮೊಟ್ಟೆ, ಸಣ್ಣ ಹಾವು, ಸಿಕ್ಕರೆ ಕೋಳಿಮರಿಯನ್ನೂ ಬಿಡುವುದಿಲ್ಲ. ಹೆಬ್ಬಾವಿನಂತೆ ಸುತ್ತಿ ಉಸಿರುಗಟ್ಟಿಸುವ ಕ್ರಮ ಇದಕ್ಕಿಲ್ಲ, ಮೈಯಿಂದ ನೆಲಕ್ಕೆ ಒತ್ತಿ ಹಿಡಿದು ಹೆಚ್ಚಾಗಿ ಜೀವಂತವಾಗಿಯೇ ನುಂಗುತ್ತದೆ. ಹಗಲಿನ ಹಾವಾದ್ದರಿಂದ ಕಣ್ಣಿಗೆ ಬೀಳುವುದೂ ಹೆಚ್ಚು, ಏಟು ತಿನ್ನುವುದೂ ಹೆಚ್ಚು. ಕೇರೆಯನ್ನೇ ತಿನ್ನುವುದು ಕಾಳಿಂಗ. ಮಲೆನಾಡಿನಲ್ಲಿ ಮನೆಯಂಗಳಕ್ಕೆ ಕಾಳಿಂಗ ಬಂದಿತೆಂದರೆ ಎಷ್ಟೋ ಸಲ ಕೇರೆಯ ಜಾಡು ಹಿಡಿದು ಬಂದದ್ದು. (ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ಕನ್ನಡದ ‘ಕಾಳಿಂಗ’ವನ್ನೇ ಅದರ ಹೆಸರಿಗೆ ಸೇರಿಸಿದ್ದಾರೆ.) ಮನುಷ್ಯನ ಕಡೆಯಿಂದ ಬಂದ ಹೊಡೆತ ಬೇರೆ: ಭಾರತ 1976ರಲ್ಲಿ ಹಾವಿನ ಚರ್ಮದ ರಫ್ತು ನಿಷೇಧಿಸುವವರೆಗೂ ಬೆಲ್ಟು, ಪರ್ಸುಗಳಿಗಾಗಿ ಸುಲಿಸಿಕೊಂಡ ಹಾವುಗಳಲ್ಲಿ ಕೇರೆ ಮುಂಚೂಣಿಯಲ್ಲಿತ್ತು. ಹಾವು ತಿನ್ನುವವರ ಊರಿಗೆ ಹೋದರೆ ನಡುತುಂಡು ನನಗಿರಲಿ ಎನ್ನುವ ಗಾದೆ ನಮಗೆ ತಮಾಷೆ; ಚೀನಾದಲ್ಲಿ 2020ರಲ್ಲಿ ಕಾಡುಪ್ರಾಣಿ ತಿನ್ನುವುದನ್ನು ನಿಷೇಧಿಸುವವರೆಗೂ ಕೇರೆಯ ಮಾಂಸಕ್ಕೆ ನಿಜವಾಗಿಯೂ ಮಾರುಕಟ್ಟೆಯಿತ್ತು.

ಬಲೆ ಬೇಡ ಎಂದಿದ್ದೆ. ತರಕಾರಿ ಮಡಿಗೆ, ಕೋಳಿಗೂಡಿಗೆ ಕಟ್ಟುವ ನೈಲಾನ್ ಬಲೆಯಲ್ಲಿ ಕೇರೆ ತಲೆ ತೂರಿಸುತ್ತದೆ; ಹಿಂದಕ್ಕೆ ಸರಿದರೆ ಹುರುಪೆಗಳ ಅಂಚಿಗೆ ದಾರ ಸಿಕ್ಕಿ ಬಿಗಿಯುತ್ತದೆ, ಮುಂದಕ್ಕೆ ನುಗ್ಗಿದರೆ ಮತ್ತೊಂದು ಕಣ್ಣಿ. ಬಿಸಿಲಿದ್ದರೆ ಕೆಲವೇ ಗಂಟೆಯಲ್ಲಿ ಸಾವು. ಸಿಕ್ಕಿಬಿದ್ದದ್ದು ಕಂಡರೆ ಮೇಲೆ ಒದ್ದೆ ಗೋಣಿ ಹಾಕಿ ನೆರಳು ಮಾಡಿ, ಬಲೆಯನ್ನು ಗೂಟದಿಂದ ಬಿಚ್ಚಿ ಸಡಿಲಿಸಿ, ಹಾವು ರಕ್ಷಕರನ್ನು ಕರೆಯಿರಿ. ಎಳೆಯಬೇಡಿ. ದಾರವನ್ನು ಒಂದೊಂದಾಗಿ, ಮೊಂಡು ತುದಿಯ ಕತ್ತರಿಯಿಂದ, ಕತ್ತಿನ ಹತ್ತಿರದ್ದನ್ನು ಮೊದಲು ಕತ್ತರಿಸಬೇಕು. ಹುರುಪೆಯಡಿ ಹುದುಗಿದ ಒಂದೇ ಎಳೆ ಉಳಿದರೂ ಊಟ ನುಂಗಿದ ದಿನ ಅದು ಮೈಯನ್ನು ಕೊಯ್ಯುತ್ತದೆ.

ಕೇರೆ ಕಚ್ಚಿದರೆ ಸಾಲಾಗಿ ಸಣ್ಣ ಗೀರುಗಳು, ರಕ್ತ ಒಸರುತ್ತದೆ. ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡರೆ ಆಯಿತು. ಇದು ಕೇರೆಯೆಂದು ಖಂಡಿತ ಗೊತ್ತಿದ್ದಾಗ ಮಾತ್ರ. ಕಚ್ಚಿದ್ದು ಯಾವುದೆಂದು ಸರಿಯಾಗಿ ಕಾಣದಿದ್ದರೆ ಹಲ್ಲಿನ ಗುರುತು ನೋಡಿ ಸಮಾಧಾನಪಡಬೇಡಿ: ಕಟ್ಟಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಹೋಗಿ. ಹಾವನ್ನು ಹಿಡಿದು ಒಯ್ಯುವ ಅಗತ್ಯವಿಲ್ಲ.